ಜೋಡಿ ಸುಳಿ

ಕೇಬಲ್ ಕಾರು ನಿಂತು ಹನ್ನೊಂದು ವಾರ.
ಕೆಳಗೆ ಪೇಟೆ, ಪೇಟೆಯಲ್ಲಿ ಕ್ಷೌರದ ಗುರಾಮ್,
ಮೇಲೆ ಬೆಟ್ಟದ ನೆತ್ತಿಯಲ್ಲಿ ನಾವು, ನಮ್ಮ ಬೆಳೆಯುವ ತಲೆಗಳು,
ನಡುವೆ ತಂತಿಗೆ ನೇತುಬಿದ್ದ ಖಾಲಿ ತಗಡಿನ ಡಬ್ಬಿ,
ಗಾಳಿ ಬಂದಾಗ ಮಾತ್ರ ಕೆಲಸ ಮಾಡುತ್ತದೆ.
ಇಳಿಯಲು ಮೆಟ್ಟಿಲು ಸಾವಿರದ ಚಿಲ್ಲರೆ;
ಹತ್ತುವಾಗ ಎಣಿಸಿದವರು ಯಾರೂ ಇಲ್ಲ.

ಜುಂಬೇರ್ ಗಣಿಯಿಂದ ಬಂದವನೇ ಕುರ್ಚಿ ಎಳೆದು ಕೂತ:
"ನೀನೇ ಕತ್ತರಿಸು. ನಾನೇನು ಮದುಮಗನೇ?"

ಕೊರಳಿಗೆ ಮೇಜಿನ ಬಟ್ಟೆ, ಹಿಂದೆ ಒಂದು ಕ್ಲಿಪ್ಪು.
ಅತ್ತೆ ಎಲಿಕೋ ಹೊಲಿಗೆಯ ಕತ್ತರಿ ಕೊಡಲೊಲ್ಲಳು,
ಕೂದಲ ರುಚಿ ಹತ್ತಿದ ಕತ್ತರಿ ಬಟ್ಟೆಗೆ ಬರುವುದಿಲ್ಲವಂತೆ.
ಡ್ರಾಯರಿನ ತಳ ತಡಕಿ ಇನ್ನೊಂದು ತೆಗೆದಳು:
ಸಣ್ಣದು, ಉದ್ದ ಮೂತಿ, ಹಿಡಿಗೆ ಸುತ್ತಿದ ನೀಲಿ ದಾರ.
ಯಾರದ್ದೆಂದು ಅವಳು ಹೇಳಲಿಲ್ಲ.
ನನ್ನ ಹೆಬ್ಬೆರಳಿಗೆ ಅದು ಬಿಗಿಯಾಗಿತ್ತು.

ಒದ್ದೆ ಕೂದಲು ಸುಳ್ಳು ಹೇಳುತ್ತದೆ.
ಒಣಗಿದ ಮೇಲೆ ಎರಡು ಬೆರಳು ಮೇಲೆ ಹೋಗಿ ಕೂರುತ್ತದೆ.
ಜುಂಬೇರ್ ಮೂರು ದಿನ ಟೊಪ್ಪಿ ತೆಗೆಯಲಿಲ್ಲ, ಊಟಕ್ಕೂ.

ಚಿಕ್ಕಮಾವ ಶೋತಾ ಧೈರ್ಯ ಮಾಡಿ ತಲೆ ಕೊಟ್ಟ.
ಅವನಿಂದ ಕಲಿತೆ: ಕತ್ತರಿಸುವುದು ಬಲಗೈಯಲ್ಲ,
ಎಷ್ಟು ಹೋಗಬೇಕು, ಎಷ್ಟು ಇರಬೇಕು
ಎಂದು ಹಿಡಿದು ನಿಲ್ಲುವ ಎಡಗೈಯ ಎರಡು ಬೆರಳು.
ಕಲಿತದ್ದು ಅವನ ಎಡಗಿವಿಯ ಮೇಲೆ ಇನ್ನೂ ಕಾಣುತ್ತದೆ.

ಎರಡನೇ ಸಲ ಜುಂಬೇರನ ತಲೆ ಹಗಲಿನಲ್ಲಿ ನೋಡಿದೆ.
ಬುಡದಲ್ಲಿ ಮ್ಯಾಂಗನೀಸಿನ ಕರಿ, ಏಳು ನೀರಿಗೂ ಹೋಗದ್ದು.
ನೆತ್ತಿಯಲ್ಲಿ ಒಂದಲ್ಲ, ಎರಡು ಸುಳಿ,
ಒಂದು ಎಡಕ್ಕೆ ತಿರುಗಿ, ಒಂದು ಬಲಕ್ಕೆ.
"ಜೋಡಿ ಸುಳಿಯವನಿಗೆ ಎರಡು ಮದುವೆ,
ತೊಟ್ಟಿಲಲ್ಲೇ ನೋಡಿ ಹೇಳಿದ್ದೆ," ಎಂದ ಎಲಿಕೋ
ಆಮೇಲೆ ನಾಲಿಗೆ ಕಚ್ಚಿಕೊಂಡಳು.
ಎರಡನೆಯವಳು ನಾನು. ಕತ್ತರಿ ನನ್ನ ಕೈಯಲ್ಲಿ.
ಒಲೆಯ ಮೇಲಿನ ಬೀನ್ಸ್ ಕುದಿಯುವುದು ಮಾತ್ರ ಕೇಳುತ್ತಿತ್ತು.

ತೊರ್ನಿಕೆ ಬಾಗಿಲಲ್ಲಿ ನಿಂತು ನೋಡುತ್ತಿದ್ದ.
ಒಂಬತ್ತು ವರ್ಷ. ಕೂದಲು ಹೆಗಲಿಗೆ.
ಮಾಕ್ವಲಾ ತೀರಿಕೊಂಡ ಮೇಲೆ ಯಾರಿಗೂ ತಲೆ ಕೊಟ್ಟವನಲ್ಲ.
ನನ್ನನ್ನು ಅವನು ಏನೆಂದೂ ಕರೆಯುವುದಿಲ್ಲ.
"ಉಪ್ಪು" ಅನ್ನುತ್ತಾನೆ, ಕೊಡುತ್ತೇನೆ.

ಒಂದು ಭಾನುವಾರ ಕುರ್ಚಿಯನ್ನು ತಾನೇ ಎಳೆದು ತಂದ,
ಕಿಟಕಿಗೆ ಮುಖ, ನನಗೆ ಬೆನ್ನು.
"ಕಿವಿ ಮುಟ್ಟಬಾರದು."
ಕಿವಿ ಮುಟ್ಟದೆ ಹೇಗೆ?
ಅವನೇ ಮಡಚಿ ಹಿಡಿದುಕೊಂಡ.
ಆ ಪುಟ್ಟ ಉಗುರುಗಳ ಪಕ್ಕದಲ್ಲಿ
ಉಸಿರು ಕಟ್ಟಿ ಕತ್ತರಿ ನಡೆಸಿದೆ.

"ಅವಳು ಎಣಿಸುತ್ತಿದ್ದಳು," ಎಂದ, ಕಿಟಕಿಗೆ.
"ಎಷ್ಟರವರೆಗೆ?"
"ಮುಗಿಯುವವರೆಗೆ."

ಎಣಿಸಿದೆ. ಕತ್ತರಿಯ ಒಂದೊಂದು ಕಚ್ಚಿಗೆ ಒಂದೊಂದು.
ನಲವತ್ತರ ಹತ್ತಿರ ತಪ್ಪಿದೆ, ಅವನು ತಿದ್ದಿದ.
ತೊಂಬತ್ತರಲ್ಲಿ ನೆತ್ತಿಗೆ ಬಂದೆ:
ಅಲ್ಲಿಯೂ ಎರಡು.
ಎಲಿಕೋ ಕಡೆ ನೋಡಿದೆ, ಅವಳು ಬ್ರೆಡ್ಡು ಕೊಯ್ಯುತ್ತಿದ್ದಳು.
ಸುಳಿಯ ಮೇಲೆ ತೀರಾ ಗಿಡ್ಡ ಮಾಡಿದರೆ
ಕೂದಲು ಮುಳ್ಳುಹಂದಿಯಂತೆ ಎದ್ದು ನಿಲ್ಲುತ್ತದೆ,
ಇಷ್ಟು ಹೊತ್ತಿಗೆ ಅಷ್ಟು ಬಲ್ಲೆ.
ಅಲ್ಲಿ ಒಂದು ಬೆರಳು ಉದ್ದ ಬಿಟ್ಟೆ.
ಮಲಗಿ ಎರಡನ್ನೂ ಮುಚ್ಚಿತು.

ನೂರ ಮೂವತ್ತೇಳು.
ಕನ್ನಡಿ ಬೇಡವೆಂದ. ಕೆಟಲಿನ ಹೊಟ್ಟೆಯಲ್ಲಿ
ಊದಿದ ಮುಖ ನೋಡಿಕೊಂಡು ಆಚೆ ಓಡಿದ.

ಮಾರ್ಚಿನಲ್ಲಿ ಮೋಟಾರು ರಿಪೇರಿಯಾಯಿತು.
ಡಬ್ಬಿ ಕಿರ್ರೆಂದು ಇಳಿಯಿತು, ಏರಿತು,
ಜನ ಚಪ್ಪಾಳೆ ತಟ್ಟಿದರು.
ಜುಂಬೇರ್ ಮಗನ ಕೈಗೆ ದುಡ್ಡು ಕೊಟ್ಟು ಹೇಳಿದ,
ಹೋಗಿ ಗುರಾಮನಿಂದ ಸರಿಯಾಗಿ ಕತ್ತರಿಸಿಕೊಂಡು ಬಾ.

ಸಂಜೆ ಬಂದ, ಹೋದ ತಲೆಯಲ್ಲೇ.
ಜೇಬಿನ ತುಂಬ ಸೂರ್ಯಕಾಂತಿ ಬೀಜ, ತುಟಿಯಲ್ಲಿ ಸಿಪ್ಪೆ.
"ಅಂಗಡಿ ಮುಚ್ಚಿತ್ತು."

ನಮ್ಮ ಅಡುಗೆಮನೆಯ ಕಿಟಕಿಯಿಂದ
ಗುರಾಮನ ಅಂಗಡಿಯ ದೀಪ ಕಾಣುತ್ತದೆ.
ಉರಿಯುತ್ತಿತ್ತು.
ಪರದೆ ಎಳೆದೆ.

ಅವನು ಕುರ್ಚಿ ತಂದು ಕೂತು
ಕಿವಿ ಮಡಚಿ ಹಿಡಿದುಕೊಂಡ.
"ಒಂದು," ಅಂದ.